ಖಾಲಿ ಮನೆ ಕಲಿಸಿದ ಪಾಠ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಕಂಪ್ಯೂಟರ್ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ ಮೊದಲು ಬೇಡ ಅನ್ನಿಸಿತು. ನನಗೆ ಗೊತ್ತಿರುವುದು ಸ್ವಲ್ಪ, ಅದರಲ್ಲೂ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಆಮೇಲೆ ಆ ತಪ್ಪನ್ನೇ ಬರೆಯೋಣ ಎಂದು ನಿರ್ಧರಿಸಿದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಅಬ್ಬಾಗೆ ಶಿಡ್ಲಘಟ್ಟದಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇದೆ. ಶಿಡ್ಲಘಟ್ಟ ರೇಷ್ಮೆಗೂಡಿನ ಊರು ಎಂದು ನಿಮಗೆಲ್ಲ ಗೊತ್ತು. ನಮ್ಮ ಬೀದಿಯ ಬಹಳ ಮಂದಿ ನೂಲು ಬಿಚ್ಚುವ ಘಟಕಗಳಲ್ಲಿ ಕೆಲಸ ಮಾಡುವವರು. ಬಟವಾಡೆ ಆದ ದಿನ ಕೈಯಲ್ಲಿ ದುಡ್ಡು, ಉಳಿದ ದಿನ ಉದ್ರಿ. ಹಾಗಾಗಿ ನಮ್ಮ ಅಂಗಡಿಯ ಜೀವ ಇರುವುದು ತಕ್ಕಡಿಯಲ್ಲಿ ಅಲ್ಲ, ಉದ್ರಿ ಪುಸ್ತಕದಲ್ಲಿ.

ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ಅದು. ಅಬ್ಬಾ ಅದನ್ನು ಉರ್ದುವಿನಲ್ಲಿ ಬರೆಯುತ್ತಾರೆ. ಉರ್ದು ಬಲದಿಂದ ಎಡಕ್ಕೆ ಹೋಗುವುದರಿಂದ ಹೆಸರು ಬಲತುದಿಯಲ್ಲಿ, ಬಾಕಿ ಎಡತುದಿಯಲ್ಲಿ. ಹೆಸರು ಎಂದರೆ ನಿಜವಾದ ಹೆಸರಲ್ಲ. ‘ಮೂಲೆಮನೆ ಅಕ್ಕ’, ‘ಆಟೋ ಮಾಮು’, ‘ನಲ್ಲಿ ಎದುರಿನ ಖಾಲಾ’, ‘ಮೇಷ್ಟ್ರ ಅಳಿಯ’ ಹೀಗೆ. ಅಬ್ಬಾಗೆ ಅಷ್ಟೇ ಸಾಕು. ಐವತ್ತಮೂರು ಖಾತೆಗಳ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಆದರೆ ಅವರು ಅಂಗಡಿಯಲ್ಲಿ ಇಲ್ಲದ ದಿನ ನನಗೂ ತಮ್ಮನಿಗೂ ಕಷ್ಟ. ತಮ್ಮ ಕನ್ನಡ ಮಾಧ್ಯಮ, ಅವನಿಗೆ ಅಬ್ಬಾರ ಉರ್ದು ಅಕ್ಷರ ಓದಲು ಬರುವುದಿಲ್ಲ. ನನಗೆ ಓದಲು ಬಂದರೂ ಅಬ್ಬಾ ಅವಸರದಲ್ಲಿ ಗೀಚಿದ್ದು ಅರ್ಥವಾಗುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಾನು ಅಬ್ಬಾಗೆ ಹೇಳಿದೆ: “ನಾನು ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕನ್ನಡದಲ್ಲಿ ಒಂದು ಪುಟ ಮಾಡಿಕೊಡ್ತೀನಿ. ಫೋನಿನಲ್ಲೇ ನೋಡಬಹುದು.” ಅಬ್ಬಾ ನಕ್ಕರು. “ಮಾಡು, ಆದ್ರೆ ಕೆಂಪು ಪುಸ್ತಕ ನಾನು ಬಿಡೋದಿಲ್ಲ” ಅಂದರು.

ಮೊದಲು ಲೆಕ್ಕವನ್ನು ಸ್ಪ್ರೆಡ್‌ಶೀಟಿಗೆ ಹಾಕಿದೆ. ಕಾಮರ್ಸ್ ಓದುವ ನಮಗೆ ಇದು ಹೊಸದಲ್ಲ. ನಮ್ಮಂತೆ ವ್ಯವಹಾರ ಓದುತ್ತಿದ್ದ ಒಬ್ಬ ವಿದ್ಯಾರ್ಥಿಗೇ ಇದರ ಯೋಚನೆ ಹೊಳೆದದ್ದು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಒಂದು ಅಂಕಿ ಬದಲಿಸಿದರೆ ಉಳಿದ ಅಂಕಿಗಳೆಲ್ಲ ತಾವಾಗಿಯೇ ಬದಲಾಗುವ ಲೆಕ್ಕದ ಹಾಳೆಯನ್ನು ಕಲ್ಪಿಸಿಕೊಂಡರು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವರು ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಹೊರಬಂತು. ಅದರಲ್ಲಿ 63 ಕಾಲಂ, 254 ಸಾಲು. ಇಂದಿನ ಎಕ್ಸೆಲ್ ಹಾಳೆಯಲ್ಲಿ 16,384 ಕಾಲಂ, ಹತ್ತು ಲಕ್ಷಕ್ಕೂ ಮೀರಿ ಸಾಲು. ನನಗೆ ಬೇಕಾಗಿದ್ದದ್ದು ಮೂರು ಕಾಲಂ, ಐವತ್ತಮೂರು ಸಾಲು ಮಾತ್ರ: ಹೆಸರು, ಕೊನೆಯ ಜಮಾ ದಿನಾಂಕ, ಬಾಕಿ.

ಹಾಳೆಯ ಒಂದೊಂದು ಚೌಕಕ್ಕೆ ಇಂಗ್ಲಿಷಿನಲ್ಲಿ ಸೆಲ್ ಅನ್ನುತ್ತಾರೆ. ನಾನು ಅದನ್ನು ‘ಮನೆ’ ಎಂದೇ ಕರೆಯುತ್ತೇನೆ. ಚೌಕಾಬಾರ ಆಡುವಾಗ ನಾವು ಹಾಗೇ ಅಲ್ಲವೇ ಅನ್ನುವುದು?

ಸ್ಪ್ರೆಡ್‌ಶೀಟ್ ಫೋನಿನಲ್ಲಿ ನೋಡಲು ಚೆನ್ನಾಗಿರಲಿಲ್ಲ. ಅಕ್ಷರ ಸಣ್ಣದು, ಬೆರಳು ತಗುಲಿದರೆ ಅಂಕಿಯೇ ಅಳಿಸಿಹೋಗುವ ಭಯ. ಅದಕ್ಕೇ ವೆಬ್ ಪುಟ ಮಾಡಬೇಕು ಅಂದುಕೊಂಡೆ. ಲ್ಯಾಬಿನಲ್ಲಿ ಎಚ್‌ಟಿಎಂಎಲ್ ಸ್ವಲ್ಪ ಕಲಿತಿದ್ದೆ. ಉಳಿದದ್ದಕ್ಕೆ ಒಂದು ಸಿದ್ಧ ಟೆಂಪ್ಲೇಟ್ ಇಳಿಸಿಕೊಂಡೆ. ಟೆಂಪ್ಲೇಟ್ ಎಂದರೆ ಮದುವೆ ಕಾರ್ಡಿನ ಅಚ್ಚಿನ ಹಾಗೆ. ಅಂಚು, ಬಣ್ಣ, ಜಾಗ ಎಲ್ಲ ಮೊದಲೇ ಇರುತ್ತದೆ, ವಧು ವರರ ಹೆಸರು ಮಾತ್ರ ಬದಲಾಗುತ್ತದೆ. ವೆಬ್ ಟೆಂಪ್ಲೇಟಿನಲ್ಲಿ ಇನ್ನೂ ಒಂದು ಅನುಕೂಲ ಉಂಟು. ‘ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಹೀಗೇ ಮಾಡು’ ಎಂದು ಒಮ್ಮೆ ಬರೆದರೆ ಸಾಕು, ಐವತ್ತಮೂರು ಸಲ ಅದೇ ಮಾಡಿಕೊಳ್ಳುತ್ತದೆ. ಇದಕ್ಕೆ ಲೂಪ್ ಅನ್ನುತ್ತಾರೆ.

ಕಾಲಂಗಳನ್ನು ಅಕ್ಕಪಕ್ಕ ಕೂರಿಸಲು ಇರುವ ವಿಧಾನದ ಹೆಸರು ಸಿಎಸ್ಎಸ್ ಗ್ರಿಡ್. 2017ರ ಮಾರ್ಚ್ ತಿಂಗಳಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಬ್ರೌಸರ್‌ಗಳಿಗೆ ಒಂದರ ಹಿಂದೆ ಒಂದು ಬಂತು. ಅದಕ್ಕೂ ಮೊದಲು ಪುಟದ ಭಾಗಗಳನ್ನು ಅಕ್ಕಪಕ್ಕ ಇಡಲು ಜನ ಟೇಬಲ್‌ಗಳನ್ನು ಬಳಸುತ್ತಿದ್ದರು, ಇಲ್ಲವೇ ಒಂದೊಂದು ಭಾಗವನ್ನೂ ಎಡಕ್ಕೆ ಬಲಕ್ಕೆ ತಳ್ಳಿ ಹೊಂದಿಸುತ್ತಿದ್ದರು. ಗ್ರಿಡ್‌ನಲ್ಲಿ ಒಂದೇ ಸಾಲಿನಲ್ಲಿ ಎಷ್ಟು ಕಾಲಂ, ಯಾವುದಕ್ಕೆ ಎಷ್ಟು ಜಾಗ ಎಂದು ಹೇಳಬಹುದು. ನಾನು ಬರೆದದ್ದು ‘2ಎಫ್ಆರ್ 1ಎಫ್ಆರ್ 1ಎಫ್ಆರ್’. ಎಫ್ಆರ್ ಎಂದರೆ ಪಾಲು. ನಮ್ಮ ಪಾಲುದಾರಿಕೆ ಲೆಕ್ಕದಲ್ಲಿ ಎ, ಬಿ, ಸಿ ಮೂವರು ಲಾಭವನ್ನು 2:1:1 ಅನುಪಾತದಲ್ಲಿ ಹಂಚಿಕೊಳ್ಳುವುದಿಲ್ಲವೇ, ಹಾಗೆಯೇ ಇಲ್ಲಿ ಮೂರು ಕಾಲಂಗಳು ಪುಟದ ಅಗಲವನ್ನು ಹಂಚಿಕೊಳ್ಳುತ್ತವೆ. ಹೆಸರು ಉದ್ದ ಇರುತ್ತದೆ, ಅದಕ್ಕೆ ಎರಡು ಪಾಲು. ದಿನಾಂಕಕ್ಕೆ ಒಂದು, ಬಾಕಿಗೆ ಒಂದು.

ಅಬ್ಬಾಗೆ ತೋರಿಸಲೆಂದು ಅದೇ ಪುಟವನ್ನು ಉರ್ದುವಿನಲ್ಲೂ ಮಾಡಿ ನೋಡಿದೆ. ಬರವಣಿಗೆಯ ದಿಕ್ಕು ಬಲದಿಂದ ಎಡಕ್ಕೆ ಎಂದು ಒಂದು ಮಾತು ಸೇರಿಸಿದ್ದೇ ತಡ, ಅಕ್ಷರಗಳ ಜೊತೆಗೆ ಕಾಲಂಗಳೇ ಜಾಗ ಬದಲಿಸಿದವು. ಹೆಸರು ಬಲಕ್ಕೆ ಹೋಯಿತು, ಬಾಕಿ ಎಡಕ್ಕೆ ಬಂತು. ಥೇಟ್ ಕೆಂಪು ಪುಸ್ತಕ! ಅಂಕಿಗಳು ಮಾತ್ರ ಎಂದಿನಂತೆ ಎಡದಿಂದ ಬಲಕ್ಕೇ ಇದ್ದವು. ಅಬ್ಬಾ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಆ ದಿನ ನನಗಾದ ಖುಷಿ ಪರೀಕ್ಷೆಯಲ್ಲಿ ರ್‍ಯಾಂಕ್ ಬಂದರೂ ಆಗುವುದಿಲ್ಲ. ಆದರೆ ತಮ್ಮನಿಗಾಗಿ ಅಂಗಡಿಯಲ್ಲಿ ಬಳಸಲು ಕನ್ನಡದ ಪುಟವನ್ನೇ ಇಟ್ಟುಕೊಂಡೆವು. ಜನರ ಸಾಲದ ವಿಷಯವಾದ್ದರಿಂದ ಅದನ್ನು ಇಂಟರ್ನೆಟ್ಟಿಗೆ ಹಾಕಲಿಲ್ಲ. ದಿನಾ ರಾತ್ರಿ ನಾನು ಹಾಳೆ ತಿದ್ದಿ, ಹೊಸ ಪುಟವನ್ನು ಅಂಗಡಿಯ ಫೋನಿಗೆ ಹಾಕುತ್ತಿದ್ದೆ.

ಇಲ್ಲಿ ನಾನು ಒಂದು ಸೂಚನೆಯನ್ನು ಕಡೆಗಣಿಸಿದೆ. ನಾನು ಇಳಿಸಿಕೊಂಡ ಟೆಂಪ್ಲೇಟ್ ನಿಜವಾಗಿ ಫೋಟೋಗಳನ್ನು ಜೋಡಿಸಲು ಮಾಡಿದ್ದು. ಅದರಲ್ಲಿ ಮೂರು ಕಾಲಂ ಎಂದರೆ ಮೂರು ಬೇರೆ ಬೇರೆ ಪಟ್ಟಿ. ಮೊದಲ ಲೂಪ್ ಎಲ್ಲ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತದೆ, ಎರಡನೆಯದು ಎಲ್ಲ ದಿನಾಂಕಗಳನ್ನು, ಮೂರನೆಯದು ಎಲ್ಲ ಬಾಕಿಗಳನ್ನು. ಪುಟವನ್ನು ಮೊದಲ ಸಲ ಫೋನಿನಲ್ಲಿ ತೆರೆದಾಗ ಮೂರೂ ಪಟ್ಟಿಗಳು ಒಂದರ ಕೆಳಗೊಂದು ಬಂದವು. ಐವತ್ತಮೂರು ಹೆಸರು ಮುಗಿದ ಮೇಲೆ ಐವತ್ತಮೂರು ದಿನಾಂಕ, ಅದಾದ ಮೇಲೆ ಐವತ್ತಮೂರು ಬಾಕಿ. ಸಣ್ಣ ಪರದೆಗೆ ಹಾಗೆ ಮಡಚಿಕೊಳ್ಳಲಿ ಎಂದು ಟೆಂಪ್ಲೇಟ್ ಮಾಡಿದವರೇ ಬರೆದಿದ್ದರು. ನಾನು ಆಗಲೇ ಯೋಚಿಸಬೇಕಿತ್ತು. ಮೂಲೆಮನೆ ಅಕ್ಕನಿಗೂ ಅವರ ಬಾಕಿಗೂ ಇರುವ ಸಂಬಂಧ ಈ ಟೆಂಪ್ಲೇಟಿಗೆ ಗೊತ್ತೇ ಇಲ್ಲ ಎಂದು ಅದು ನನಗೆ ಬಾಯಿಬಿಟ್ಟು ಹೇಳಿದಂತಿತ್ತು. ನಾನು ಮಾತ್ರ ಆ ಮಡಚುವ ಸಾಲನ್ನು ಅಳಿಸಿ, ಫೋನಿನಲ್ಲೂ ಮೂರು ಕಾಲಂ ಅಕ್ಕಪಕ್ಕವೇ ನಿಲ್ಲುವಂತೆ ಮಾಡಿದೆ. ಸಾಲುಗಳ ಎತ್ತರ ಒಂದೇ ಇದ್ದದ್ದರಿಂದ ಹೆಸರಿನ ಎದುರಿಗೆ ಅವರವರ ಬಾಕಿ ನೇರವಾಗಿ ಕಾಣುತ್ತಿತ್ತು. ಸಾಲು ಬಿಟ್ಟು ಸಾಲಿಗೆ ತಿಳಿ ಹಸಿರು ಬಣ್ಣ ಬೇರೆ ಕೊಟ್ಟೆ. ನೋಡಿದವರಿಗೆ ಒಂದೊಂದು ಸಾಲೂ ಒಂದೊಂದು ಖಾತೆ ಎಂದೇ ಅನ್ನಿಸುತ್ತಿತ್ತು. ನನಗೂ ಹಾಗೆಯೇ ಅನ್ನಿಸಿತ್ತು.

ಹತ್ತು ದಿನ ಎಲ್ಲ ಸರಿಯಾಗಿತ್ತು. ಪುಟದ ಕೊನೆಯಲ್ಲಿ ಬಾಕಿಯ ಒಟ್ಟು ಮೊತ್ತ ಬರುವಂತೆ ಮಾಡಿದ್ದೆ. ರಾತ್ರಿ ಅಬ್ಬಾ ಕೆಂಪು ಪುಸ್ತಕ ಕೂಡಿ ಹೇಳುತ್ತಿದ್ದರು, ನಾನು ಪುಟ ನೋಡಿ ಹೇಳುತ್ತಿದ್ದೆ. ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಆ ಹತ್ತು ದಿನ ಐವತ್ತಮೂರು ಖಾತೆಯಲ್ಲೂ ಸ್ವಲ್ಪವಾದರೂ ಬಾಕಿ ಇತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಮುಂದಿನ ವಾರ ನಾಲ್ಕು ಜನ ಪೂರಾ ಬಾಕಿ ತೀರಿಸಿದರು. ಅವರಲ್ಲಿ ಮೂಲೆಮನೆ ಅಕ್ಕ ಒಬ್ಬರು, ಬುಧವಾರ ಬಂದು ಕೊಟ್ಟು ಹೋಗಿದ್ದರು. ನಾನು ಹಾಳೆಯಲ್ಲಿ ಆ ನಾಲ್ವರ ಬಾಕಿಯ ಮನೆಯಲ್ಲಿದ್ದ ಅಂಕಿ ಅಳಿಸಿ ಖಾಲಿ ಬಿಟ್ಟೆ. ಬಾಕಿ ಇಲ್ಲ ಅಂದಮೇಲೆ ಬರೆಯುವುದೇನು?

ಗುರುವಾರ ಅಬ್ಬಾಗೆ ಜ್ವರ ಬಂತು. ಕೆಂಪು ಪುಸ್ತಕ ಅವರ ಮಂಚದ ಪಕ್ಕದಲ್ಲೇ ಉಳಿಯಿತು. ಶುಕ್ರವಾರ ರಾತ್ರಿ ಮಲಗಿದ್ದಲ್ಲಿಂದಲೇ ಒಟ್ಟು ಹೇಳಿದರು: 61,340. ನನ್ನ ಪುಟದಲ್ಲೂ 61,340. “ಸರಿ ಇದೆ ಅಬ್ಬಾ, ನೀವು ಮಲಗಿ” ಅಂದೆ.

ಶನಿವಾರ ಬಟವಾಡೆ. ಸಂಜೆ ಅಂಗಡಿಯ ಮುಂದೆ ಐದಾರು ಜನ. ತಮ್ಮ ತೂಕ ಹಾಕುತ್ತಿದ್ದ, ನಾನು ಫೋನ್ ಹಿಡಿದು ಲೆಕ್ಕಕ್ಕೆ ಕೂತಿದ್ದೆ. ಮೂಲೆಮನೆ ಅಕ್ಕ ಬಂದರು. ನೂಲು ಬಿಚ್ಚುವ ಕೆಲಸದವರು ಅವರು. ಬಿಸಿನೀರಿನಲ್ಲಿ ಕೈಯಾಡಿಸಿ ಆಡಿಸಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕಾಗಿರುತ್ತವೆ. ಐದು ಕೆ.ಜಿ. ಅಕ್ಕಿ, ಒಂದು ಲೀಟರ್ ಎಣ್ಣೆ ಕೇಳಿದರು. ನಾನು ಪುಟ ನೋಡಿದೆ. ಹನ್ನೆರಡನೇ ಸಾಲು, ಮೂಲೆಮನೆ ಅಕ್ಕ, ಅದರ ಎದುರಿಗೆ 2,150.

“ಅಕ್ಕಾ, ಹಳೇದು ಎರಡು ಸಾವಿರದ ನೂರೈವತ್ತು ಇದೆಯಲ್ಲ” ಅಂದೆ.

“ಇಲ್ಲಮ್ಮ, ಬುಧವಾರ ನಿಮ್ಮಪ್ಪನ ಕೈಗೇ ಪೂರ್ತಿ ಕೊಟ್ನಲ್ಲ.”

ನನಗೂ ಒಂದು ಕ್ಷಣ ಅನುಮಾನವಾಯಿತು. ಆದರೆ ಹಿಂದೆ ಜನ ನಿಂತಿದ್ದರು. ನಾನು ಫೋನನ್ನು ಅವರ ಕಡೆಗೆ ತಿರುಗಿಸಿ ಹೇಳಿದೆ: “ನೋಡಿ ಅಕ್ಕಾ, ಕಂಪ್ಯೂಟರಲ್ಲಿ ಹೀಗಿದೆ.”

ಈ ಮಾತನ್ನು ನಾನು ಯಾಕೆ ಅಂದೆನೋ ಎಂದು ಈಗಲೂ ಅನ್ನಿಸುತ್ತದೆ. ಆ ಕಂಪ್ಯೂಟರಿಗೆ ಹಾಕಿದವಳು ನಾನೇ. ಆದರೂ ಅದು ಬೇರೆ ಯಾರೋ ದೊಡ್ಡವರು ಹೇಳಿದ ಮಾತು ಎಂಬಂತೆ ತೋರಿಸಿದೆ.

ಅಕ್ಕ ಪರದೆ ನೋಡಿದರು. ಸಾಲಿನಲ್ಲಿದ್ದ ಯಾರೋ “ಕೊಟ್ಟು ಕಳಿಸ್ರಮ್ಮ, ಹೊತ್ತಾಯ್ತು” ಅಂದರು. ಇನ್ಯಾರೋ ನಕ್ಕರು. ಅಕ್ಕ ಮತ್ತೇನೂ ವಾದಿಸಲಿಲ್ಲ. ಸೆರಗಿನ ಗಂಟು ಬಿಚ್ಚಿ ಐನೂರರ ಒಂದು ನೋಟು ತೆಗೆದು ತಕ್ಕಡಿಯ ಪಕ್ಕ ಇಟ್ಟರು. “ಇದನ್ನ ಜಮಾ ಮಾಡ್ಕೊ. ಮಿಕ್ಕಿದ್ದು ನೋಡೋಣ” ಅಂದರು. ಅಕ್ಕಿ, ಎಣ್ಣೆ ಎರಡನ್ನೂ ಅಲ್ಲೇ ಬಿಟ್ಟು ಹೋದರು. ನಾನು ಆ ಐನೂರನ್ನು ಬರೆದುಕೊಂಡೆ. ಅವರ ಹಿಂದೆಯೇ ಆಟೋ ಮಾಮು ಬಂದರು. ಅವರ ಎದುರಿಗೆ 340 ಅಂತಿತ್ತು. ಅವರು ಒಂದು ಸಲ ನನ್ನ ಮುಖ ನೋಡಿ, 340 ಕೊಟ್ಟು ಹೋದರು.

ರಾತ್ರಿ ಮನೆಗೆ ಬಂದು ಅಬ್ಬಾಗೆ ದಿನದ ಜಮಾ ಓದಿ ಹೇಳುತ್ತಿದ್ದೆ. “ಮೂಲೆಮನೆ ಅಕ್ಕ ಐನೂರು” ಅಂದ ಕೂಡಲೇ ಅಬ್ಬಾ ಎದ್ದು ಕೂತರು. “ಅವರದ್ದೇನು ಐನೂರು?” ಕೆಂಪು ಪುಸ್ತಕ ತೆಗೆದರು. ಆ ಖಾತೆಯ ಕೆಳಗೆ ಅಡ್ಡಗೆರೆ ಎಳೆದು, ಬುಧವಾರದ ತಾರೀಖು ಹಾಕಿ, ಎಡತುದಿಯಲ್ಲಿ ಒಂದು ಪದ ಬರೆದಿದ್ದರು: ಬೇಬಾಕ್.

ಬೇಬಾಕ್ ಎಂದರೆ ಏನೂ ಬಾಕಿ ಇಲ್ಲ ಎಂದು ಅರ್ಥ. ಕನ್ನಡದಲ್ಲೂ ಇದೇ ಪದ ಇದೆ. ಸಾಲ ತೀರಿದ ಮೇಲೆ ಸಹಕಾರ ಸಂಘದಲ್ಲಿ ಬೇಬಾಕಿ ಪತ್ರ ಕೊಡುವುದಿಲ್ಲವೇ, ಅದೇ ಬೇಬಾಕಿ. ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ ಇವೆಲ್ಲ ಅರಬ್ಬಿ, ಪಾರಸಿಯಿಂದ ಬಂದು ನಮ್ಮ ಮನೆಯ ಉರ್ದುವಿನಲ್ಲೂ ನಮ್ಮ ಬೀದಿಯ ಕನ್ನಡದಲ್ಲೂ ಒಂದೇ ಥರ ಕೂತಿರುವ ಪದಗಳು. ಲೆಕ್ಕದ ಮಾತಿಗೆ ಎರಡು ಭಾಷೆಯ ನಡುವೆ ಗೋಡೆಯೇ ಇಲ್ಲ. ನಾನು ಮಾತ್ರ ಅಬ್ಬಾ ಬರೆದಿದ್ದ ಆ ಪದವನ್ನು ನನ್ನ ಹಾಳೆಗೆ ತರಲಿಲ್ಲ. ಖಾಲಿ ಬಿಟ್ಟುಬಿಟ್ಟೆ.

ಅಬ್ಬಾ ಪುಸ್ತಕ ಓದಿದರು, ನಾನು ಪುಟ ನೋಡಿದೆ. ಒಂದರಿಂದ ಹನ್ನೊಂದು ಸರಿ. ಹನ್ನೆರಡರಲ್ಲಿ ಅಕ್ಕನ ಎದುರಿಗೆ ಇದ್ದ 2,150 ನಿಜವಾಗಿ ಹದಿಮೂರನೆಯ ಆಟೋ ಮಾಮು ಅವರದ್ದು. ಮಾಮು ಎದುರಿಗಿದ್ದ 340 ಹದಿನಾಲ್ಕನೆಯವರದ್ದು. ಅಲ್ಲಿಂದ ಕೊನೆಯವರೆಗೆ ಪ್ರತಿಯೊಬ್ಬರ ಎದುರಿಗೂ ಬೇರೆ ಯಾರದೋ ಬಾಕಿ ಕೂತಿತ್ತು. ಮೊದಲು ಒಂದು ಮನೆ ಮೇಲಕ್ಕೆ ಸರಿದಿತ್ತು, ಇನ್ನೊಂದು ಖಾಲಿ ಮನೆ ಬಂದ ಮೇಲೆ ಎರಡು, ಆಮೇಲೆ ಮೂರು, ಆಮೇಲೆ ನಾಲ್ಕು. ಪಟ್ಟಿಯ ಕೊನೆಯ ನಾಲ್ವರ ಎದುರಿಗೆ ಏನೂ ಇರಲಿಲ್ಲ. ಅವರು ಬಾಕಿ ತೀರಿಸಿದ್ದಾರೆ ಎಂದು ನಾನು ಅಂದುಕೊಂಡಿದ್ದೆ.

ಯಾಕೆ ಹೀಗಾಯಿತು ಎಂದು ಟೆಂಪ್ಲೇಟಿನ ಒಳಗೆ ಹುಡುಕಿದಾಗ ಒಂದೇ ಸಾಲಿನಲ್ಲಿ ಉತ್ತರ ಸಿಕ್ಕಿತು. ‘ಖಾಲಿ ಇಲ್ಲದಿದ್ದರೆ ಮಾತ್ರ ತೋರಿಸು’ ಎಂಬ ಷರತ್ತು ಅದು. ಫೋಟೋ ಟೆಂಪ್ಲೇಟಿಗೆ ಅದು ಸರಿಯೇ. ಒಂದು ಫೋಟೋ ಇಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುವುದಕ್ಕಿಂತ ಮುಂದಿನ ಫೋಟೋ ಮೇಲೆ ಬಂದರೆ ಪುಟ ಚೆನ್ನಾಗಿ ಕಾಣುತ್ತದೆ. ಫೋಟೋಗಳಿಗೆ ನೆರೆಹೊರೆ ಇಲ್ಲ. ಯಾವುದರ ಪಕ್ಕ ಯಾವುದು ಬಂದರೂ ನಷ್ಟವಿಲ್ಲ. ಉದ್ರಿ ಲೆಕ್ಕ ಹಾಗಲ್ಲ. ಒಂದು ಅಂಕಿ ಒಂದು ಮನೆ ಮೇಲಕ್ಕೆ ಹೋದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುತ್ತದೆ.

ಆದರೆ ಒಟ್ಟು ಮೊತ್ತ ಹೇಗೆ ಸರಿಹೋಯಿತು? ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಯಾರ ಎದುರಿಗೆ ಕೂತರೂ ಅಂಕಿಗಳು ಅವೇ ಅಂಕಿಗಳು. ಕೂಡಿದರೆ ಅದೇ 61,340. ಇದನ್ನೇ ಅಲ್ಲವೇ ನಾವು ಪ್ರಥಮ ಪಿಯುಸಿಯಲ್ಲಿ ಓದಿದ್ದು? ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದು ಹೇಳಲಾಗದು. ಒಬ್ಬರ ಖಾತೆಗೆ ಹಾಕಬೇಕಾದ ಮೊತ್ತವನ್ನು ಇನ್ನೊಬ್ಬರ ಖಾತೆಗೆ ಹಾಕಿದರೆ ಎರಡೂ ಬದಿಯ ಮೊತ್ತ ಸಮನಾಗಿಯೇ ಇರುತ್ತದೆ, ತಪ್ಪು ಹೊರಗೆ ಕಾಣುವುದಿಲ್ಲ. ‘ಟ್ರಯಲ್ ಬ್ಯಾಲೆನ್ಸ್ ತೋರಿಸದ ತಪ್ಪುಗಳು’ ಎಂಬ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದನ್ನೇ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾಡಿದೆ. ಪರೀಕ್ಷೆಯಲ್ಲಿ ಅದು ಎ, ಬಿ ಎಂಬ ಹೆಸರಿನ ಖಾತೆಗಳಾಗಿತ್ತು. ಇಲ್ಲಿ ಸುಕ್ಕುಗಟ್ಟಿದ ಬೆರಳಿನ ಒಬ್ಬ ಹೆಂಗಸು.

ಅಬ್ಬಾ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಕುರ್‌ಆನ್‌ನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್ ಯಾವುದು ಗೊತ್ತಾ?” ಎಂದು ಕೇಳಿದರು. ನನಗೆ ಗೊತ್ತಿತ್ತು. ಸೂರಾ ಅಲ್ ಬಕರಾದ 282ನೆಯದು. ನಮಾಜಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ, ಸಾಲವನ್ನು ಬರೆದಿಡುವುದರ ಬಗ್ಗೆ. ಬರೆಯುವ ಕಾತಿಬ್ ನ್ಯಾಯದಿಂದ ಬರೆಯಬೇಕು ಎಂಬುದೂ ಅಲ್ಲೇ ಇದೆ. ಅಬ್ಬಾ ಹೇಳಿದ್ದು ಇಷ್ಟೇ: “ಈಗ ನಮ್ಮ ಅಂಗಡಿಯ ಕಾತಿಬ್ ನೀನು. ಫೋನ್ ಅಲ್ಲ.”

ಅದೇ ರಾತ್ರಿ ಪುಟವನ್ನು ಮತ್ತೆ ಮಾಡಿದೆ. ಈ ಸಲ ಮೂರು ಪಟ್ಟಿ ಮಾಡಲಿಲ್ಲ. ಎಚ್‌ಟಿಎಂಎಲ್‌ನಲ್ಲಿ ಇರುವ ಸಾದಾ ಟೇಬಲ್ ತೆಗೆದುಕೊಂಡೆ. ಟೇಬಲ್‌ನಲ್ಲಿ ಬರೆಯುವುದು ಸಾಲು ಸಾಲಾಗಿ. ಒಬ್ಬರ ಹೆಸರು, ಅವರ ದಿನಾಂಕ, ಅವರ ಬಾಕಿ ಮೂರೂ ಒಂದೇ ಸಾಲಿನ ಒಳಗೆ ಇರುತ್ತವೆ. ಆ ಸಾಲು ಮುಗಿದ ಮೇಲೆಯೇ ಮುಂದಿನವರ ಸರದಿ. ಲೂಪ್ ಒಂದೇ. ಒಬ್ಬರ ಅಂಕಿ ಜಾರಿ ಇನ್ನೊಬ್ಬರ ಸಾಲಿಗೆ ಹೋಗಲು ದಾರಿಯೇ ಇಲ್ಲ. ‘ಖಾಲಿ ಇದ್ದರೆ ಬಿಟ್ಟುಬಿಡು’ ಎಂಬ ಷರತ್ತು ತೆಗೆದು, ‘ಖಾಲಿ ಇದ್ದರೆ ಬೇಬಾಕಿ ಎಂದು ಬರೆ’ ಎಂದು ಹಾಕಿದೆ. ಹಾಳೆಯಲ್ಲೂ ಸುಮ್ಮನೆ ಅಳಿಸುವುದನ್ನು ಬಿಟ್ಟು ಸೊನ್ನೆ ಬರೆಯಲು ಶುರುಮಾಡಿದೆ. ಸೊನ್ನೆ ಎಂದರೆ ‘ನೋಡಿದ್ದೇನೆ, ಏನೂ ಇಲ್ಲ’ ಎಂದರ್ಥ. ಖಾಲಿ ಎಂದರೆ ‘ನೋಡಿಲ್ಲ’ ಎಂದೂ ಆಗಬಹುದು, ‘ಮರೆತೆ’ ಎಂದೂ ಆಗಬಹುದು. ಎರಡೂ ಒಂದೇ ಅಲ್ಲ.

ಗ್ರಿಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ವಾರ್ತಾಪತ್ರಿಕೆಯ ಫೋಟೋ ಪುಟಕ್ಕೆ, ಗ್ರಂಥಾಲಯದ ಹೊಸ ಪುಸ್ತಕಗಳ ರಕ್ಷಾಪುಟ ಜೋಡಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಅಲ್ಲಿ ಒಂದೊಂದೂ ಸ್ವತಂತ್ರ. ಆದರೆ ಒಂದು ಅಂಕಿ ಇಂಥವರದ್ದೇ ಎಂದು ಇದ್ದಾಗ ಅವೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಬೇಕು, ಅಕ್ಕಪಕ್ಕ ಕಂಡರೆ ಸಾಲದು. ಟೇಬಲ್‌ನಲ್ಲಿ ಇನ್ನೊಂದು ಉಪಯೋಗವೂ ಇದೆ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಬಳಸುತ್ತಾರೆ. ತಲೆಬರಹಗಳನ್ನು ಸರಿಯಾಗಿ ಗುರುತಿಸಿದ ಟೇಬಲ್ ಆದರೆ, ಯಾವ ಅಂಕಿ ಯಾವ ಕಾಲಂನದ್ದು, ಯಾರ ಸಾಲಿನದ್ದು ಎಂದು ಅದು ಹೇಳಬಲ್ಲದು. ನನ್ನ ಹಳೆಯ ಪುಟವನ್ನು ಅಂಥವರು ಕೇಳಿದ್ದರೆ ಐವತ್ತಮೂರು ಹೆಸರು, ಆಮೇಲೆ ದಿನಾಂಕಗಳು, ಆಮೇಲೆ ಯಾರದ್ದೋ ಅಂಕಿಗಳು ಎಂದು ಕೇಳಿಸುತ್ತಿತ್ತು. ಕಣ್ಣಿದ್ದ ನಾವು ಮೋಸಹೋದೆವು, ಅವರು ಹೋಗುತ್ತಿರಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಆಟೋ ಮಾಮು ತಾವೇ ಅಂಗಡಿಗೆ ಬಂದರು. “ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಬೇಟಿ, ನಂದು ಎರಡು ಸಾವಿರದ ಮೇಲಿತ್ತು. ನೀನು ಕಮ್ಮಿ ಹೇಳಿದೆ, ನಾನೂ ಸುಮ್ಮನೆ ಹೋದೆ” ಅಂದರು. ನಾನು ಅವರ ಕ್ಷಮೆ ಕೇಳಿದೆ, ಅವರು ನನ್ನ ಕ್ಷಮೆ ಕೇಳಿದರು.

ಆಮೇಲೆ ಆ ಐನೂರರ ನೋಟು, ಐದು ಕೆ.ಜಿ. ಅಕ್ಕಿ, ಒಂದು ಲೀಟರ್ ಎಣ್ಣೆ ಹಿಡಿದು ಮೂಲೆಮನೆಗೆ ಹೋದೆ. ಅಮ್ಮಿಯೂ ಜೊತೆಗೆ ಬಂದರು. ಅಕ್ಕ ಬಟ್ಟೆ ಒಗೆಯುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮನೆ ಸರಿದದ್ದು, ಟೆಂಪ್ಲೇಟು, ಷರತ್ತು ಎಲ್ಲವನ್ನೂ. ಅವರು ಅರ್ಧ ಕೇಳಿ ಕೈ ಒರೆಸಿಕೊಂಡು ನೋಟು ತೆಗೆದುಕೊಂಡರು. ಅಕ್ಕಿ ಎಣ್ಣೆಯ ದುಡ್ಡನ್ನು ಎಣಿಸಿ ಅಮ್ಮಿಯ ಕೈಗೆ ಕೊಟ್ಟರು, ಅಮ್ಮಿ ಬೇಡವೆಂದರೂ ಬಿಡಲಿಲ್ಲ. ಆಮೇಲೆ ನನ್ನನ್ನು ನೋಡಿ ಅಂದರು:

“ದುಡ್ಡು ವಾಪಸ್ ಬಂತು, ಸರಿ. ಅವತ್ತು ನನ್ನ ಹಿಂದೆ ನಿಂತಿದ್ರಲ್ಲ, ಅವರಿಗೆ ಯಾರಮ್ಮ ಹೋಗಿ ಹೇಳ್ತಾರೆ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಟವನ್ನು ಒಂದೇ ರಾತ್ರಿಯಲ್ಲಿ ತಿದ್ದಿದ್ದೆ, ಜನರ ಮನಸ್ಸಿನಲ್ಲಿ ನಾನು ಬರೆದದ್ದನ್ನು ತಿದ್ದಲು ಯಾವ ಟೆಂಪ್ಲೇಟೂ ಇಲ್ಲ. ಸಂಜೆ ಕೂತು ಆ ಸಾಲಿನಲ್ಲಿ ಯಾರ್‍ಯಾರು ಇದ್ದರು ಎಂದು ನೆನಪು ಮಾಡಿಕೊಂಡೆ. ಆಟೋ ಮಾಮು ಅವರಿಗೆ ಬೆಳಿಗ್ಗೆಯೇ ಹೇಳಿಯಾಗಿತ್ತು. ನಲ್ಲಿ ಎದುರಿನ ಖಾಲಾ ಅವರ ಮನೆಗೆ ಹೋಗಿ ಹೇಳಿದೆ. “ಕೊಟ್ಟು ಕಳಿಸ್ರಮ್ಮ” ಎಂದಿದ್ದವರು ಹಾಲಿನ ಡೈರಿಯ ತಾತ. ಅವರಿಗೂ ಹೇಳಿದೆ. ಅವರು ತಾವಾಗಿಯೇ ಅಕ್ಕನ ಮನೆಯ ಕಡೆ ಹೋದದ್ದನ್ನು ತಮ್ಮ ನೋಡಿದನಂತೆ. ಮೇಷ್ಟ್ರ ಅಳಿಯ ಬೆಂಗಳೂರಿಗೆ ಹೋಗಿದ್ದರು, ಬಂದ ಮೇಲೆ ಹೇಳಿದೆ.

ಇನ್ನೊಬ್ಬರು ಉಳಿದರು. ಅವರು ಸಾಲಿನ ಕೊನೆಯಲ್ಲಿ, ಬೀದಿ ದೀಪದ ಕೆಳಗೆ ನಿಂತಿದ್ದರು. ನಮ್ಮ ಕಾಲೇಜಿನ ಸಮವಸ್ತ್ರದ ಹುಡುಗಿ. ಮುಖ ಸರಿಯಾಗಿ ಕಾಣಲಿಲ್ಲ. ಶ್ಯಾಂಪೂ ಪ್ಯಾಕೆಟ್ ತೆಗೆದುಕೊಂಡು ಚಿಲ್ಲರೆ ಕೊಟ್ಟು ಹೋದ ನೆನಪು. ನಗುವಿನ ಸದ್ದು ಬಂದದ್ದು ಆ ಕಡೆಯಿಂದಲೋ ಅಲ್ಲವೋ ನನಗೆ ಗೊತ್ತಿಲ್ಲ, ಅದು ಮುಖ್ಯವೂ ಅಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕೆಲವರನ್ನು ಕೇಳಿದೆ. ಯಾರೂ ನಾನೇ ಎಂದು ಹೇಳಲಿಲ್ಲ.

ಈ ಲೇಖನ ಬರೆಯಲು ಮೊದಲೇ ಹೇಳಿದ ಆ ಇನ್ನೊಂದು ಕಾರಣ ಇದು. ಬರೆಯಲೇ ಎಂದು ಮೂಲೆಮನೆ ಅಕ್ಕನನ್ನು ಕೇಳಿದೆ. “ಬರಿ. ಹೆಸರು ಹಾಕಬೇಡ” ಅಂದರು. ಹಾಗಾಗಿ ಹೆಸರು ಹಾಕಿಲ್ಲ.

ಆ ಸಂಜೆ ಸಾಲಿನ ಕೊನೆಯಲ್ಲಿ ನಿಂತಿದ್ದ ಗೆಳತಿ, ನೀನು ಇದನ್ನು ಓದುತ್ತಿದ್ದರೆ ತಿಳಿದುಕೋ: ಅವರು ಕೊಡಬೇಕಾದ್ದು ಒಂದು ಪೈಸೆಯೂ ಇರಲಿಲ್ಲ. ಬುಧವಾರವೇ ಪೂರಾ ಕೊಟ್ಟಿದ್ದರು. ತಪ್ಪು ನನ್ನದು. ನಮ್ಮ ಅಂಗಡಿಯ ಪುಸ್ತಕದಲ್ಲೂ ಈಗ ಫೋನಿನ ಪುಟದಲ್ಲೂ ಅವರ ಹೆಸರಿನ ಎದುರಿನ ಮನೆಯಲ್ಲಿ ಬರೆದಿರುವುದು ಒಂದೇ ಪದ, ಬೇಬಾಕಿ.